ಕಟ್ಟಡಕ್ಕೆ ಒಂದು ಸುತ್ತು

ನಮ್ಮ ಮನಶ್ಶಾಸ್ತ್ರಜ್ಞರ ಸಂಘದವರು ಸ್ಮರಣ ಸಂಚಿಕೆಯೊಂದನ್ನು ತರುತ್ತಿದ್ದಾರೆ. ಈ ವಿದ್ಯೆಯನ್ನು ಹುಟ್ಟುಹಾಕಿದ ಹಿರಿಯರಿಗೂ ನಿಮಗೂ ಇರುವ ನಂಟನ್ನು ತೋರಿಸುವ ಸ್ವಾರಸ್ಯಕರ ಪ್ರಸಂಗವೊಂದನ್ನು ಬರೆದು ಕಳಿಸಿ ಎಂದು ಎಲ್ಲ ಸದಸ್ಯರಿಗೂ ಪತ್ರ ಹಾಕಿದ್ದಾರೆ. ಸ್ವಾರಸ್ಯಕರ ಎಂಬುದರ ಕೆಳಗೆ ಗೆರೆ ಬೇರೆ ಎಳೆದಿದ್ದಾರೆ. ಈ ಪತ್ರ ಬಂದ ದಿನದಿಂದ ನನ್ನ ನೆಮ್ಮದಿ ಹಾಳಾಗಿದೆ.

ಇಂಥ ಪ್ರಸಂಗಗಳನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಒಬ್ಬರ ಗುರುಗಳ ಗುರುಗಳು ಯುರೋಪಿನ ಮೊದಲ ಪ್ರಯೋಗಶಾಲೆಯ ಹಿರಿಯರ ಕೊಡೆ ಹಿಡಿದಿದ್ದರಂತೆ. ಇನ್ನೊಬ್ಬರ ಗುರುಗಳ ಗುರುಗಳು ಕನಸುಗಳಿಗೆ ಅರ್ಥ ಹೇಳುತ್ತಿದ್ದವರ ಮನೆಯಲ್ಲಿ ಸಕ್ಕರೆಯಿಲ್ಲದ ಕಾಫಿ ಕುಡಿದಿದ್ದರಂತೆ. ಎಲ್ಲವನ್ನೂ ಕೂಡಿಸಿ ನೋಡಿದರೆ ಆ ಹಿರಿಯರು ಸಂಶೋಧನೆ ಮಾಡಿದ್ದಕ್ಕಿಂತ ಹೆಚ್ಚು ಹೊತ್ತನ್ನು ನಮ್ಮ ದೇಶದಿಂದ ಹಡಗು ಹತ್ತಿ ಬಂದವರಿಗೆ ಕಾಫಿ ಕೊಡುತ್ತಲೇ ಕಳೆದಿರಬೇಕು. ಸಮ್ಮೇಳನಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗಲೂ ಇದೇ ಮಾತು. ನಾನು ಐದನೆಯ ತಲೆ, ನೀವು ಆರನೆಯ ತಲೆ ಎಂದು ಲೆಕ್ಕ ಹಾಕುತ್ತ ಅನ್ನ ಬಡಿಸಿಕೊಳ್ಳುತ್ತಾರೆ.

ನಾನು ಶಿರಸಿಯಲ್ಲಿ ಒಂದು ಕೋಣೆ ಇಟ್ಟುಕೊಂಡು ಜನರ ಮನಸ್ಸಿನ ತೊಂದರೆಗಳನ್ನು ಕೇಳುವವಳು. ಮಂಗಳವಾರ ಸಿದ್ದಾಪುರ, ಶುಕ್ರವಾರ ಯಲ್ಲಾಪುರ. ನಮ್ಮ ಕಡೆಯ ಜನರೂ ಈ ವಿಷಯದಲ್ಲಿ ಸಂಘದವರಿಗೆ ಕಡಿಮೆಯಿಲ್ಲ. ಎದುರಿನ ಕುರ್ಚಿಯಲ್ಲಿ ಕೂತವರು ತಮ್ಮ ಸಂಕಟ ಹೇಳುವ ಮೊದಲು ನಾನು ಯಾರ ಪೈಕಿ, ಯಾರ ಹತ್ತಿರ ಕಲಿತವಳು ಎಂದು ವಿಚಾರಿಸುತ್ತಾರೆ. ಮತ್ತಿಘಟ್ಟದ ಕಡೆಯವಳು ಎಂದರೆ ಅರ್ಧ ನಂಬಿಕೆ ಬರುತ್ತದೆ. ಸಿದ್ದಾಪುರದ ಒಬ್ಬ ಅಜ್ಜಿಯಂತೂ ಈ ವಿದ್ಯೆ ನನಗೆ ತಂದೆಯ ಕಡೆಯಿಂದ ಬಂತೋ ತಾಯಿಯ ಕಡೆಯಿಂದ ಬಂತೋ ಎಂದು ಕೇಳಿದಳು. ನಾಟಿ ಔಷಧ ಕೊಡುವ ಮನೆತನಗಳಿಗೆ ಕೇಳುವ ಪ್ರಶ್ನೆ ಅದು. ಪುಸ್ತಕ ಓದಿ ಬಂತು ಎಂದೆ. ಅವಳ ಮುಖ ಸಪ್ಪಗಾಯಿತು, ಮತ್ತೆ ಬರಲಿಲ್ಲ.

ಇಷ್ಟು ಸಾಲದೆಂಬಂತೆ ನನ್ನ ಗುರುಗಳು. ಎಂಬತ್ತು ದಾಟಿದವರು, ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು, ಈಗ ಸಿದ್ದಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಸಂಚಿಕೆಯ ಸುದ್ದಿ ತಿಳಿದ ಮೇಲೆ ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ, ಊರೂರಿಗೆ ಹೋಗುವ ದಿನಗಳಲ್ಲಿ ನಾನು ಬಸ್ಸಿನ ಬಾಗಿಲಿನಲ್ಲಿ ಒಂದು ಕಾಲಿಟ್ಟಿರುವಾಗಲೇ ಫೋನ್ ಮಾಡುತ್ತಿದ್ದರು.

"ತಂಗಿ, ಬರದ್ಯಾ? ಆನು ಇಪ್ಪಾಗ್ಲೇ ಅದು ಅಚ್ಚಾಗವು."

ತಾವು ಬದುಕಿರುವಾಗಲೇ ಅಚ್ಚಾಗಬೇಕೆಂದು ಅವರಿಗಿದ್ದ ಪ್ರಸಂಗ ಯಾವುದೆಂದು ನನಗೆ ಗೊತ್ತಿತ್ತು. ನಮ್ಮ ತರಗತಿಯಲ್ಲಿ ನೂರು ಸಲ ಹೇಳಿದ ಕಥೆ ಅದು. ಮನಸ್ಸಿನ ವೇಗ ಅಳೆಯುವ ಒಂದು ಹಳೆಯ ಪ್ರಯೋಗವಿದೆ. ಒಂದು ದೀಪ, ಒಂದು ಗುಂಡಿ. ದೀಪ ಹತ್ತಿದ್ದು ಕಂಡ ಕೂಡಲೇ ಗುಂಡಿ ಒತ್ತಬೇಕು, ನಡುವೆ ಎಷ್ಟು ಹೊತ್ತಾಯಿತೆಂದು ಯಂತ್ರ ಹೇಳುತ್ತದೆ. ಯುರೋಪಿನ ಆ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ದೀಪ ಹತ್ತುವ ಮೊದಲೇ ಗುಂಡಿ ಒತ್ತಿದನಂತೆ. ಹಿರಿಯರು ಅವನನ್ನು ನೋಡಿ, ನೀನು ಕಂಡದ್ದಕ್ಕೆ ಒತ್ತಲಿಲ್ಲ, ಕಾಣುತ್ತದೆಂದು ಅಂದುಕೊಂಡದ್ದಕ್ಕೆ ಒತ್ತಿದೆ, ಹೋಗಿ ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬಾ ಎಂದರಂತೆ. ಆ ವಿದ್ಯಾರ್ಥಿ ಮುಂದೆ ದೊಡ್ಡ ವಿದ್ವಾಂಸನಾಗಿ ತನ್ನ ಶಿಷ್ಯರನ್ನು ಸುತ್ತಿಸಿದ. ಅವರಲ್ಲೊಬ್ಬರು ನಮ್ಮ ಗುರುಗಳ ಗುರುಗಳು. ಹೀಗೆ ಸುತ್ತು ಸಮುದ್ರ ದಾಟಿ ನಮ್ಮ ಕಾಲೇಜಿಗೆ ಬಂತು. ನಾನೂ ಸುತ್ತಿದ್ದೇನೆ, ನನ್ನ ಸಹಪಾಠಿಗಳೂ ಸುತ್ತಿದ್ದಾರೆ. ಅವರಲ್ಲಿ ಪಾಠ ಮಾಡುವವರು ಇವತ್ತಿಗೂ ತಮ್ಮ ವಿದ್ಯಾರ್ಥಿಗಳನ್ನು ಸುತ್ತಿಸುತ್ತಾರೆ. ಕಥೆಯನ್ನು ನಾನು ಪೂರ್ತಿ ನಂಬಿರಲಿಲ್ಲ, ಬಿಟ್ಟೂ ಇರಲಿಲ್ಲ. ಅದೇ ನನ್ನ ತಪ್ಪು.

ಯಲ್ಲಾಪುರದಲ್ಲಿ ನನ್ನ ಕೋಣೆ ಇರುವುದು ಲಾರಿಗಳು ನಿಲ್ಲುವ ಜಾಗದ ಎದುರಿಗೆ, ಒಂದು ಒಂಟಿ ಕಟ್ಟಡದಲ್ಲಿ. ಕೆಲವು ತಿಂಗಳ ಹಿಂದೆ ಅಲ್ಲಿಗೆ ನಲವತ್ತೈದರ ಆಸುಪಾಸಿನ ಒಬ್ಬ ಲಾರಿ ಚಾಲಕ ಬಂದ. ಅವನ ಮನೆಯವರೆಲ್ಲ ತಲೆತಲಾಂತರದಿಂದ ಸಾಗಾಣಿಕೆಯವರು, ಲಾರಿ ಅಣ್ಣನದು. ಅರಬೈಲ್ ಘಟ್ಟ ಇಳಿಯುವಾಗ ಹಿಂದಿನಿಂದ ಬ್ರೇಕ್ ತಪ್ಪಿ ಬಂದ ಗಾಡಿಯೊಂದು ಇವನ ಲಾರಿಗೆ ಗುದ್ದಿತ್ತು. ಇವನ ತಪ್ಪೇನೂ ಇರಲಿಲ್ಲ. ಮುರಿದ ಕಾಲು ಕೂಡಿತು, ನಡಿಗೆಯಲ್ಲಿ ಸ್ವಲ್ಪ ಎಳೆತ ಉಳಿಯಿತು. ಆದರೆ ಘಟ್ಟದ ಮಾತು ಬಂದರೆ ಬಲಗೈ ನಡುಗುತ್ತಿತ್ತು. ಅದನ್ನು ಅಣ್ಣ ಗಮನಿಸಿಬಿಟ್ಟಿದ್ದ. ಹುಬ್ಬಳ್ಳಿ ಕಡೆಯಿಂದ ಬರುವ ಲಾರಿಯನ್ನು ಕಿರವತ್ತಿಯಿಂದ ಯಲ್ಲಾಪುರದವರೆಗೆ ಮಾತ್ರ ಇವನ ಕೈಗೆ ಕೊಡುತ್ತಿದ್ದ. ಮುಂದೆ ಘಟ್ಟ ಇಳಿಸಲು ಬೇರೆ ಚಾಲಕ.

ಇವನಿಗೆ ಬೇಕಾದದ್ದು ಒಂದೇ, ಮತ್ತೆ ಘಟ್ಟ ಇಳಿಯಬೇಕು. ಕಿರವತ್ತಿಯ ಢಾಬಾದಲ್ಲಿ ಚಹ ಕುಡಿಯುವಾಗ ಉಳಿದ ಚಾಲಕರು, ಬಯಲು ಡ್ರೈವರ್ ಸಾಹೇಬರು ಬಂದರು ಎಂದು ತಮಾಷೆ ಮಾಡುತ್ತಾರೆ ಎಂದ. ಹೆದರಿಕೆ ಹೋಗುವವರೆಗೆ ಘಟ್ಟ ಇಲ್ಲ ಎಂದು ಅಣ್ಣ ಹೇಳುತ್ತಿದ್ದ. ಘಟ್ಟ ಇಳಿಯದೆ ಹೆದರಿಕೆ ಹೋಗುವುದಿಲ್ಲ ಎಂದು ನಾನು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದಂತಾಗಿತ್ತು. ಕೊನೆಗೆ ಅಣ್ಣನೇ ದಾರಿ ತೋರಿಸಿದ. ತಮ್ಮನ ತಲೆಯೂ ಕೈಯೂ ಸರಿಯಿದೆ ಎಂದು ಮೇಡಂ ಒಂದು ಕಾಗದ ಕೊಟ್ಟರೆ ಕೀಲಿ ಕೊಡುತ್ತೇನೆ ಎಂದ.

ಎರಡು ತಿಂಗಳು ವಾರ ತಪ್ಪದೆ ಬಂದ. ನಡುಕ ಕಡಿಮೆಯಾಯಿತು. ಅಪಘಾತದ ದಿನವನ್ನು ಪೂರ್ತಿ ಹೇಳುವಷ್ಟು ಧೈರ್ಯ ಬಂತು. ಕಾಗದ ಬರೆಯುವ ಮೊದಲು ಒಂದು ಅಳತೆ ಇರಲಿ ಎಂದು ನಾನು ದೀಪದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. ದೀಪ ಹತ್ತಿಸುವ ಸ್ವಿಚ್ ನನ್ನ ಕಡೆ, ಗುಂಡಿ ಅವನ ಕಡೆ. ಅಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ನೇರವಾಗಿ ಬಂದಿದ್ದ, ಬಿಳಿ ಅಂಗಿ ತೊಟ್ಟಿದ್ದ. ದೀಪ ಕಂಡ ಮೇಲೆ ಒತ್ತಬೇಕು ಎಂದು ತಿಳಿಸಿ ಹೇಳಿದೆ. ತಲೆಯಾಡಿಸಿದ. ದೀಪ ಹತ್ತುವ ಮೊದಲೇ ಒತ್ತಿದ.

ಮತ್ತೆ ಹೇಳಿದೆ. ಮತ್ತೆ ಮೊದಲೇ ಒತ್ತಿದ. ಕಾಯಿರಿ ಎಂದೆ, ಅವಸರ ಬೇಡ ಎಂದೆ, ಇದು ಪಂದ್ಯವಲ್ಲ ಎಂದೆ. ಪ್ರತಿ ಸಲ ಹೂಂ ಎನ್ನುತ್ತಾನೆ, ಪ್ರತಿ ಸಲ ಕೂದಲೆಳೆಯಷ್ಟು ಮುಂಚೆ ಗುಂಡಿ ಒತ್ತುತ್ತಾನೆ. ಬೆಳಿಗ್ಗೆ ಗುರುಗಳ ಫೋನ್, ಬಸ್ಸಿನಲ್ಲಿ ಸಂಘದ ಕಾರ್ಯದರ್ಶಿಯ ಫೋನ್, ಈಗ ಇವನು. ನನಗೆ ರೇಗಿತು.

"ಕಂಡ್ ಮ್ಯಾಲ ಬ್ರೇಕ್ ಹೊಡದ್ರ ಘಟ್ಟದಾಗ ಮುಗೀತ್ರಿ ಮೇಡಂ" ಎಂದ ಅವನು, ನಿಧಾನವಾಗಿ, ತಿಳಿಯದವರಿಗೆ ಹೇಳುವಂತೆ.

ಇದು ಘಟ್ಟವಲ್ಲ ಎಂದು ನಾನು ಗದರಿದೆ. ಆಮೇಲೆ ನನ್ನ ಬಾಯಿಯಿಂದ, ಮೂವತ್ತು ವರ್ಷಗಳಿಂದ ಅಲ್ಲೇ ಕಾದು ಕೂತಿತ್ತೇನೋ ಎಂಬಂತೆ, ಆ ಮಾತು ಬಂತು. ಹೋಗಿ ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬನ್ನಿ ಎಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಚಿಕಿತ್ಸೆಯ ಭಾಗ ಇರಬೇಕೆಂದುಕೊಂಡು ಎದ್ದುಹೋದ. ಬಂದು ಕೂತು ಮತ್ತೆ ಮೊದಲೇ ಒತ್ತಿದ. ಇನ್ನೊಂದು ಸುತ್ತು ಕಳಿಸಿದೆ. ಮತ್ತೊಂದು. ಹೊರಗೆ ನಮಾಜು ಮುಗಿಸಿ ಬಂದವರೆಲ್ಲ ಲಾರಿ ನಿಲ್ಲುವ ಜಾಗದ ಚಹದಂಗಡಿಯ ಮುಂದೆ ನಿಂತಿದ್ದರು. ಅವರ ಕಣ್ಣೆದುರಿಗೆ ಈ ಮನುಷ್ಯ ಎಳೆಯುವ ಕಾಲಿನಲ್ಲಿ ಒಂದು ಒಂಟಿ ಕಟ್ಟಡವನ್ನು ಮೂರು ಸಲ ಸುತ್ತಿದ. ಒಳಗೆ ಕೂತ ನನಗೆ ಅದು ಹೊಳೆಯಲೇ ಇಲ್ಲ.

ಮುಂದಿನ ಶುಕ್ರವಾರ ಅಣ್ಣ ಒಬ್ಬನೇ ಬಂದ. ಬಹಳ ಮರ್ಯಾದೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೈ ಮುಗಿದ. ಇನ್ನು ಕಾಗದದ ತೊಂದರೆ ತೆಗೆದುಕೊಳ್ಳಬೇಡಿ, ನಮಗೆಲ್ಲ ತಿಳಿಯಿತು ಎಂದ. ಗಾಳಿ ಹಿಡಿದವರನ್ನು ದರ್ಗಾಕ್ಕೆ ಸುತ್ತು ಹಾಕಿಸುವುದು ಎಲ್ಲರಿಗೂ ಗೊತ್ತಿದೆ, ಓದಿದ ಮೇಡಂ ಕೂಡ ಸುತ್ತಿಸಿದರೆಂದರೆ ಹುಡುಗನ ತಲೆ ಪೂರ್ತಿ ಕೆಟ್ಟಿದೆ ಎಂದೇ ಅರ್ಥ ಎಂದು ಊರವರು ಅಣ್ಣನಿಗೆ ಹೇಳಿದ್ದರು. ನಲವತ್ತೈದರ ಗಂಡಸು ಅಣ್ಣನ ಬಾಯಲ್ಲಿ ಹುಡುಗನಾಗಿಬಿಟ್ಟಿದ್ದ. ಕಿರವತ್ತಿಯ ತುಂಡು ದಾರಿಯನ್ನೂ ಅವನಿಂದ ಕಿತ್ತುಕೊಂಡು, ಆಫೀಸಿನಲ್ಲಿ ಲೋಡಿನ ಚೀಟಿ ಬರೆಯಲು ಕೂರಿಸಿ ಆಗಿತ್ತು. ಅದು ಹುಚ್ಚಿನ ಮದ್ದಲ್ಲ, ನಮ್ಮ ಕಾಲೇಜಿನ ಒಂದು ರೂಢಿ ಎಂದು ಎಷ್ಟು ಹೇಳಿದರೂ ಅಣ್ಣ ಸೌಜನ್ಯದಿಂದ ನಕ್ಕ. ಊರ ಬಾಯಿಗೆ ಮುಚ್ಚಳವಿಲ್ಲ ಎನ್ನುತ್ತಾರೆ. ಆ ಬಾಯಿಗೆ ತುತ್ತು ಹಾಕಿದವಳೇ ನಾನು.

ಅಂದು ಸಂಜೆಯ ಹೊತ್ತಿಗೆ ತಮ್ಮನೂ ಬಂದ. ಇನ್ನು ಬರುವುದಿಲ್ಲ ಎಂದು ಹೇಳಿ ಹೋಗುವುದು ಮರ್ಯಾದೆ ಎಂದು ಬಂದಿದ್ದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಬೈಯಲಿಲ್ಲ. ತನ್ನ ಉಸ್ತಾದರ ಮಾತು ತೆಗೆದ. ಲಾರಿ ಕಲಿಸಿದವರನ್ನು ಇವರು ಉಸ್ತಾದ ಎನ್ನುತ್ತಾರೆ. ಆ ಉಸ್ತಾದರು ಕಲಿತದ್ದು ಈ ಘಟ್ಟದಲ್ಲಿ ಮೊದಮೊದಲು ಲಾರಿ ಇಳಿಸಿದವರೊಬ್ಬರ ಕೈಯಲ್ಲಂತೆ. ಕಲಿಯುವವನು ಇಳಿಜಾರಿನಲ್ಲಿ ಬ್ರೇಕನ್ನು ಅತಿಯಾಗಿ ತುಳಿದರೆ ಉಸ್ತಾದರು ಲಾರಿ ನಿಲ್ಲಿಸಿ, ಅವನನ್ನು ಇಳಿಸಿ, ಚಕ್ರದ ಹತ್ತಿರ ಅಂಗೈ ಒಡ್ಡಿಸುತ್ತಿದ್ದರು. ಬ್ರೇಕು ಎಷ್ಟು ಕಾದಿದೆ ಎಂದು ಕೈಗೆ ತಿಳಿದರೆ ಕಾಲು ತಾನೇ ಕಲಿಯುತ್ತದೆ ಎಂದು. ಇವನೂ ತಾನು ಕಲಿಸಿದವರಿಗೆ ಹಾಗೇ ಮಾಡಿಸುತ್ತಿದ್ದನಂತೆ.

"ನಮ್ಮ ಉಸ್ತಾದರು ಕೈ ಇಡಸಿದ್ದಕ್ಕ ಅರ್ಥ ಇತ್ರಿ. ನೀವ್ ನನ್ನ ಸುತ್ತಸಿದ್ದು ಯಾತಕ್ರಿ?"

ವಿಚಾರಿಸಿ ಹೇಳುತ್ತೇನೆ ಎಂದೆ. ಎಂಥ ನಾಚಿಕೆಗೇಡಿನ ಮಾತು ಅದು.

ಮಂಗಳವಾರ ಸಿದ್ದಾಪುರದಲ್ಲಿ ಬಸ್ಸಿಳಿದವಳು ಕೆಲಸಕ್ಕೆ ಹೋಗುವ ಮೊದಲು ಗುರುಗಳ ಮನೆಗೆ ಹೋದೆ. ಬರೆದು ತಂದಿದ್ದೇನೆಂದು ಭಾವಿಸಿ ಅವರು ಕನ್ನಡಕ ಹುಡುಕತೊಡಗಿದರು. ಅವರ ಮಗಳು ಅವಲಕ್ಕಿ ತಂದಿಟ್ಟಳು. ನಾನು ನೇರವಾಗಿ ಕೇಳಿದೆ, ಮೊದಲೇ ಒತ್ತಿದವರನ್ನು ಸುತ್ತಿಸುವುದು ಯಾತಕ್ಕೆ, ಅದರಿಂದ ಏನಾಗುತ್ತದೆ ಎಂದು. ನದೀಮೂಲ ಋಷಿಮೂಲ ಹುಡುಕಬಾರದು ಎಂಬ ಗಾದೆಯನ್ನು ಮಾಡಿದವರು ಇಂಥ ಒಂದು ಬೆಳಿಗ್ಗೆ ಯಾರದೋ ಮನೆಗೆ ಹೋಗಿದ್ದಿರಬೇಕು. ಗುರುಗಳು ಬಾಯ್ತುಂಬ ನಕ್ಕರು.

"ತಂಗಿ, ಇಪ್ಪದು ಒಂದೇ ಯಂತ್ರ, ನಿಂಗ ಮೂವತ್ತು ಜನ. ತಪ್ಪಿದವ್ರನ್ನ ಹೊರಗೆ ಕಳ್ಸದಿದ್ರೆ ಪ್ರಾಕ್ಟಿಕಲ್ ಮುಗೀತಿತ್ತಿಲ್ಲೆ."

ಹಾಗಾದರೆ ಯುರೋಪಿನ ಹಿರಿಯರು, ಅವರ ಶಿಷ್ಯ, ಹಡಗು? ಹಡಗು ನಿಜ ಎಂದರು. ಅವರ ಗುರುಗಳು ಹೋಗಿದ್ದೂ ಕಲಿತದ್ದೂ ನಿಜ. ಸುತ್ತು ಮಾತ್ರ ಇವರದೇ. ಬರೀ ಹೊರಗೆ ಹೋಗಿ ಎಂದರೆ ಮಕ್ಕಳಿಗೆ ಅವಮಾನವಾಗುತ್ತದೆ, ದೊಡ್ಡವರ ಕಥೆ ಸೇರಿಸಿದರೆ ಹೆಮ್ಮೆಯಿಂದ ಹೋಗುತ್ತಾರೆ ಎಂದು ಸೇರಿಸಿದ್ದಂತೆ. ಅವರ ಮಟ್ಟಿಗೆ ಅದು ಪ್ರೀತಿಯೇ, ನನಗೆ ಗೊತ್ತಿದೆ. ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಮೂವತ್ತು ವರ್ಷಗಳಿಂದ ಬೇರೆ ಬೇರೆ ಊರುಗಳ ಕಟ್ಟಡಗಳನ್ನು ಸುಮ್ಮನೆ ಸುತ್ತುತ್ತಿರುವ ಮಂದಿ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಾರದು ಎಂದು ನನ್ನ ಬಳಿ ಬಂದ ಎಷ್ಟು ಜನರಿಗೆ ನಾನೇ ಬುದ್ಧಿ ಹೇಳಿಲ್ಲ. ಇಲ್ಲಿ ಮರವೂ ಇರಲಿಲ್ಲ, ಹಗ್ಗ ಮಾತ್ರ ಇತ್ತು.

ಸಿಟ್ಟಿನಲ್ಲಿ ಯಲ್ಲಾಪುರದ ಕಥೆಯನ್ನೆಲ್ಲ ಹೇಳಿದೆ. ಅವನ ಕಾಲಿನ ಎಳೆತದಿಂದ ಹಿಡಿದು ಚೀಟಿ ಬರೆಯುವ ಮೇಜಿನವರೆಗೆ. ಗುರುಗಳ ನಗು ಎಲ್ಲಿ ನಿಂತಿತೋ ನಾನು ಗಮನಿಸಲಿಲ್ಲ. ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಆನು ಕಲಿಸಿದ್ದು ಹೇಳಿ ಅವ್ರಿಗೆ ಹೇಳು. ನನ್ನ ಹೆಸರು ಹಿಡ್ದೇ ಹೇಳು" ಎಂದು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು.

ಶುಕ್ರವಾರ ಯಲ್ಲಾಪುರಕ್ಕೆ ಹೋಗಿ, ತಮ್ಮನನ್ನು ಆಫೀಸಿನಿಂದ ಕರೆಸಿದೆ. ಸುತ್ತಿಸಿದ್ದಕ್ಕೆ ಯಾವ ಅರ್ಥವೂ ಇರಲಿಲ್ಲ ಎಂದು ಒಪ್ಪಿಕೊಂಡೆ. ಇನ್ನೊಮ್ಮೆ ಪರೀಕ್ಷೆ ಮಾಡೋಣವೇ ಎಂದು ಕೇಳಿದೆ. ಆಗ ಅವನು ಸ್ವಲ್ಪ ಸಂಕೋಚದಿಂದ, ನೀವು ಸ್ವಿಚ್ ಒತ್ತುವ ಮೊದಲು ನಿಮ್ಮ ಬಲಭುಜ ಏಳುತ್ತದೆ, ನಾನು ಅದನ್ನೇ ನೋಡಿ ಒತ್ತುತ್ತಿದ್ದೆ ಎಂದ. ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಎದುರು ಬರುವ ಲಾರಿ ಯಾವ ಕಡೆ ಹೊರಳುತ್ತದೆಂದು ಅದರ ಚಾಲಕನ ಭುಜ ನೋಡಿ ತಿಳಿಯುವುದು ಘಟ್ಟದವರಿಗೆ ರೂಢಿಯಂತೆ. ಅವನ ಕೈ ಅವಸರಪಡುತ್ತಿರಲಿಲ್ಲ. ಅವನು ನನ್ನನ್ನು ಓದುತ್ತಿದ್ದ, ನಾನು ಅವನನ್ನು ಗದರುತ್ತಿದ್ದೆ.

ನಡುವೆ ಒಂದು ರಟ್ಟು ನಿಲ್ಲಿಸಿ ನನ್ನ ಭುಜ ಮರೆ ಮಾಡಿಕೊಂಡೆ. ಪ್ರತಿ ಸಲವೂ ದೀಪ ಹತ್ತಿದ ಮೇಲೆಯೇ ಒತ್ತಿದ, ಚುರುಕಾಗಿ ಒತ್ತಿದ. ಅಲ್ಲೇ ಕೂತು ಕಾಗದ ಬರೆದೆ. ಮೊದಲ ಕೆಲವು ಸಲ ಪಕ್ಕದಲ್ಲಿ ಅನುಭವಸ್ಥರೊಬ್ಬರು ಕೂತಿರಲಿ, ಆಮೇಲೆ ಬೇಕಿಲ್ಲ ಎಂದೂ ಬರೆದು ಅವನ ಕಡೆ ಚಾಚಿದೆ. ಅವನು ಕೈ ಮುಂದೆ ಮಾಡಲಿಲ್ಲ.

"ಕಾಗದ ಯಾರ್ ಓದ್ತಾರ್ರಿ ಮೇಡಂ. ನಾ ಸುತ್ತೂದು ನೋಡಿದವ್ರ ಮುಂದ ಹೇಳ್ರಿ."

ಮುಚ್ಚಿದ ಬಾಗಿಲಿನೊಳಗೆ ಮಾತಾಡುವ ಕಸುಬು ನನ್ನದು. ಹತ್ತಾರು ಗಂಡಸರು ನಿಂತಿರುವಲ್ಲಿ ಹೋಗಿ ನನ್ನಿಂದ ತಪ್ಪಾಯಿತು ಎಂದರೆ ನಾಳೆಯಿಂದ ಈ ಊರಿನಲ್ಲಿ ನನ್ನ ಹತ್ತಿರ ಯಾರು ಬರುತ್ತಾರೆ ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ಬಾಗಿಲಿನಲ್ಲಿ ನಿಂತು ಕಾಯುತ್ತಿದ್ದ.

ರಸ್ತೆ ದಾಟಿದೆವು. ಚಹದಂಗಡಿಯ ಮುಂದೆ ಎಂಟ್ಹತ್ತು ಜನ ಇದ್ದರು, ಅಣ್ಣನೂ ಇದ್ದ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು, ಎರಡನೆಯ ಸಲ ಗಟ್ಟಿಯಾಗಿ ಹೇಳಿದೆ. ಇವರ ತಲೆಗೆ ಏನೂ ಆಗಿಲ್ಲ. ಅಪಘಾತವಾದವರಿಗೆ ಬರುವ ಹೆದರಿಕೆ ಇವರಿಗೂ ಬಂದಿತ್ತು, ಈಗ ಬಹಳ ಕಡಿಮೆಯಾಗಿದೆ. ಅವತ್ತು ಇವರನ್ನು ಸುತ್ತಿಸಿದ್ದು ಚಿಕಿತ್ಸೆಯಲ್ಲ, ನನ್ನ ಸಿಡುಕು. ತಪ್ಪು ನನ್ನದು ಎಂದೆ. ಬೆಂಚಿನ ಮೇಲಿದ್ದ ಒಬ್ಬ ಮುದುಕ, ಹಳೆಯ ಚಾಲಕನಿರಬೇಕು, ಬಸಿಯನ್ನು ಕೆಳಗಿಟ್ಟ.

"ಹಂಗ ಸುತ್ತಸೂದು ನಿಮಗ್ಯಾರ್ ಕಲಿಸಿದ್ರು?"

ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದ. ಐದು ತಲೆಮಾರುಗಳು ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಗುರುಗಳು ತಮ್ಮ ಹೆಸರು ಹಿಡಿದೇ ಹೇಳೆಂದು ಅಪ್ಪಣೆ ಕೊಟ್ಟೂ ಇದ್ದರು. ಪಕ್ಕದಲ್ಲಿ ನಿಂತಿದ್ದವನು ನನ್ನ ಭುಜವನ್ನೇ ನೋಡುತ್ತಿದ್ದ.

"ಯಾರೂ ಕಲಿಸಿಲ್ಲ. ನಾನೇ ಮಾಡಿದ್ದು" ಎಂದೆ.

ಅಣ್ಣ ಎದ್ದು ಆಫೀಸಿನೊಳಗೆ ಹೋದ. ಕೋಪ ಬಂತೆಂದುಕೊಂಡೆ. ಹೊರಗೆ ಬಂದವನ ಕೈಯಲ್ಲಿ ಕೀಲಿ ಇತ್ತು. ತಮ್ಮನ ಮುಖ ನೋಡದೆ, ಈರುಳ್ಳಿ ಲೋಡ್ ನಿಂತು ಒಂದು ತಾಸಾಯಿತು, ಬಿಸಿಲಿಗೆ ಕೆಡುತ್ತದೆ ಎಂದು ಗೊಣಗಿ ಕೈ ಚಾಚಿದ. ಆ ಮುದುಕ ಯಾರೂ ಕರೆಯದೆಯೇ ಎದ್ದು ಹೋಗಿ ಎಡಗಡೆಯ ಸೀಟಿನಲ್ಲಿ ಕೂತ. ಕೀಲಿ ತೆಗೆದುಕೊಂಡ ಕೈ ನಡುಗುತ್ತಿತ್ತು, ಎಲ್ಲರೂ ಅದನ್ನು ಕಂಡರು. ಲಾರಿ ಹೊರಟಿತು.

ನಾನು ಶಿರಸಿಯ ಬಸ್ಸು ಹತ್ತದೆ ಕೋಣೆಗೆ ಮರಳಿ ಕೂತೆ. ಅವನೇನೋ ಇಳಿಯುತ್ತಾನೆ ಎಂದು ಪುಸ್ತಕ ಹೇಳುತ್ತಿತ್ತು. ಪುಸ್ತಕದ ಮೇಲೂ ಸಿಟ್ಟು ಬಂತು. ಇಳಿಯದಿದ್ದರೆ ಎಂಬುದಕ್ಕೆ ಅದರಲ್ಲಿ ಏನೂ ಬರೆದಿರಲಿಲ್ಲ. ಕಿಟಕಿಯ ಹೊರಗೆ ಅಣ್ಣ ಚಹದಂಗಡಿಯ ಬೆಂಚು ಬಿಟ್ಟು ಏಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ಕೂತಿದ್ದೆವು.

ಐದೂವರೆಗೆ ಫೋನ್ ಬಂತು. ಹಿಂದೆ ಲಾರಿಗಳ ಸದ್ದು, ಯಾರೋ ಊಟಕ್ಕೆ ಕೂಗುವ ಸದ್ದು.

"ಇಳದೇನ್ರಿ ಮೇಡಂ. ದಾರ್ಯಾಗ ಹೆದರಿ ಎರಡ ಸಲ ನಿಂತೆ. ಮೂರನೇ ಸಲ ಬರೇ ಹಾರ್ನ್ ಹೊಡದೆ, ನಿಲ್ಲಲಿಲ್ಲ."

ಸರಿ ಎಂದೆ. ಅಳು ಬಂದುಬಿಟ್ಟಿತ್ತು. ಅಣ್ಣನಿಗೆ ತಿಳಿಸಿದಿರಾ ಎಂದು ಕೇಳುವಷ್ಟರಲ್ಲಿ ಅವನೇ ಹೇಳಿದ, ಅಣ್ಣನಿಗೆ ಫೋನ್ ಹಚ್ಚಿದರೆ ಎತ್ತಿದ, ಆದರೆ ಮಾತಾಡಲಿಲ್ಲ, ಸ್ವಲ್ಪ ಹೋಗಿ ನೋಡಿ ಎಂದು. ಕಿಟಕಿಯಿಂದ ನೋಡಿದೆ. ಅಣ್ಣ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದ, ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.